ಯೋಹಾನ್ನಾ ಸ್ಪೀರಿ ಅಮ್ಮನವರು

ಬಾಸೆಲ್ ಮಿಶನಿನವರು 1834ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದಂದಿನಿಂದ ಸ್ವಿಟ್ಸರ್ಲೆಂಡ್ ದೇಶದ ಹೆಸರು ಕನ್ನಡಿಗರ ಕಿವಿಗೆ ಬಿದ್ದಿದೆ. ಆದರೆ ಆ ಚಿಕ್ಕ ದೇಶದ ಬೆಟ್ಟದ ಗುಡಿಸಲುಗಳ ಒಳಗಣ ಬಾಳನ್ನು ಅನ್ಯದೇಶದ ಮಕ್ಕಳಿಗೂ ತೋರಿಸಿಕೊಟ್ಟವರು ಒಬ್ಬ ಗೃಹಿಣಿಯೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಅರಿಯತಕ್ಕದ್ದು.

ಯೋಹಾನ್ನಾ ಅಮ್ಮನವರು 1827ನೆಯ ಜೂನ್ 12ರಂದು ಜೂರಿಕ್ ಪ್ರಾಂತದ ಹಿರ್ಝೆಲ್ ಎಂಬ ಗ್ರಾಮದಲ್ಲಿ ಹುಟ್ಟಿದರು. ತಂದೆಯು ವೈದ್ಯನು; ತಾಯಿಯಾದ ಮೇಟಾ ಹಾಯ್ಸರ್ ಭಕ್ತಿಗೀತೆಗಳನ್ನು ರಚಿಸಿದ ಕವಯಿತ್ರಿ. ಎಳೆಯ ಪ್ರಾಯದಲ್ಲಿ ಇವರು ಫ್ರೆಂಚ್ ಭಾಷೆಯನ್ನು ಕಲಿಯುವುದಕ್ಕಾಗಿ ಮನೆಯನ್ನು ಬಿಟ್ಟು ಇವರ್ಡನ್ ಪಟ್ಟಣದಲ್ಲಿ ಇದ್ದರು. ಹಿಂದಿರುಗಿದ ಮೇಲೆ ತಂಗಿಯರಿಗೆ ಪಾಠ ಹೇಳಿದರು. 1852ರಲ್ಲಿ ಬರ್ನ್‌ಹಾರ್ಡ್ ಸ್ಪೀರಿ ಎಂಬ ವಕೀಲರನ್ನು ವಿವಾಹವಾಗಿ ಜೂರಿಕ್ ನಗರವನ್ನು ಸೇರಿದರು. ನಗರವಾಸವು ಅವರಿಗೆ ಒಗ್ಗಲಿಲ್ಲ; ಬಹುಕಾಲ ಮನೋವ್ಯಥೆಯನ್ನು ಅನುಭವಿಸಿದರು.

ಅವರ ಮೊದಲನೆಯ ಕಥೆಯು ಅಚ್ಚಾದದ್ದು 1871ರಲ್ಲಿ. ಆಗ ಅವರಿಗೆ ನಾಲ್ವತ್ತು ವರುಷ ದಾಟಿತ್ತು. 1880ರಲ್ಲಿ ಜರ್ಮನಿಯ ಗೋಥಾ ನಗರದಲ್ಲಿ ಹೈಡಿ ಎಂಬ ಕಥೆಯ ಮೊದಲನೆಯ ಭಾಗವು ಲೇಖಕಿಯ ಹೆಸರಿಲ್ಲದೆಯೇ ಹೊರಬಿತ್ತು; ಮರುವರುಷ ಎರಡನೆಯ ಭಾಗವು ಬಂದಿತು. ಮೈಯೆನ್‌ಫೆಲ್ಡ್ ಊರಿನ ಮೇಲಣ ಬೆಟ್ಟದಲ್ಲಿ ಅಜ್ಜನೊಡನೆ ಬೆಳೆಯುವ ಅನಾಥ ಬಾಲಿಕೆಯೇ ಹೈಡಿ. ಹುಲ್ಲಿನ ಹಾಸಿಗೆ, ಮೇಕೆಯ ಹಾಲು, ಬೆಂಕಿಯಲ್ಲಿ ಕಾಯಿಸಿದ ಗಿಣ್ಣು, ಸಂಜೆಯಲ್ಲಿ ಕೆಂಪೇರುವ ಶಿಖರಗಳು—ಇವೆಲ್ಲವನ್ನು ಎಂದೂ ಬೆಟ್ಟವನ್ನೇ ಕಾಣದ ಮಕ್ಕಳು ಸಹ ಆ ಪುಸ್ತಕದಿಂದ ಅರಿತರು. ಕಥೆಯು ಅನೇಕ ಭಾಷೆಗಳಿಗೆ ತರ್ಜುಮೆಯಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ತಾಯಿಯು ಸ್ವದೇಶವನ್ನು ಹೊಗಳುವುದಕ್ಕಾಗಿ ಅದರ ಕೊರತೆಗಳನ್ನು ಮರೆಮಾಡಲಿಲ್ಲ. ಆ ದೇಶದ 1874ರ ರಾಜ್ಯಾಂಗವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿ ಮಾಡಿತ್ತು. ಆದರೂ ಕಥೆಯ ಪೇಟರನೆಂಬ ಮೇಕೆ ಕಾಯುವ ಹುಡುಗನು ಚಳಿಗಾಲದಲ್ಲಿ ಮಾತ್ರ ಶಾಲೆಗೆ ಹೋಗುವವನು, ಓದಲರಿಯನು. ಅವನ ಕುರುಡಿ ಅಜ್ಜಿಗೆ ಅಗಿಯಲು ಮೃದುವಾದ ರೊಟ್ಟಿಯಿಲ್ಲ. ಹೈಡಿಯು ದೂರದ ಫ್ರಾಂಕ್‌ಫರ್ಟಿನ ಶ್ರೀಮಂತರ ಮನೆಯಲ್ಲಿ ಮನೆಯ ಹಂಬಲದಿಂದ ಸೊರಗುತ್ತಾಳೆ. ಆದರೆ ಅಕ್ಷರವನ್ನು ಕಲಿತದ್ದೂ ಅಲ್ಲಿಯೇ. ಬೆಟ್ಟಕ್ಕೆ ಹಿಂದಿರುಗಿ ಆ ಅಜ್ಜಿಗೆ ಭಕ್ತಿಗೀತೆಗಳನ್ನು ಓದಿ ಹೇಳುತ್ತಾಳೆ. ಪೇಟರನಿಗೂ ಓದು ಕಲಿಸುತ್ತಾಳೆ. ಪರಸ್ಥಳದಲ್ಲಿ ಪಡೆದ ವಿದ್ಯೆಯು ಹೀಗೆ ಸ್ವಸ್ಥಳದ ಬಡವರಿಗೆ ಉಪಯೋಗವಾಯಿತು.

ಕೀರ್ತಿ ಬಂದ ಕಾಲದಲ್ಲಿಯೇ ದುಃಖವೂ ಬಂದಿತು. 1884ರಲ್ಲಿ ಅವರ ಒಬ್ಬನೇ ಮಗನು ತೀರಿಕೊಂಡನು. ಅದೇ ವರುಷ ಪತಿಯೂ ತೀರಿಹೋದರು. ಆದರೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಜೂರಿಕ್ ನಗರದ ಹೆಣ್ಣುಮಕ್ಕಳ ಪ್ರೌಢ ಶಾಲೆಯ ಮೇಲ್ವಿಚಾರಣಾ ಮಂಡಲಿಯಲ್ಲಿಯೂ ಕೆಲವು ವರುಷ ಸೇವೆ ಮಾಡಿದರು. ತಮ್ಮ ಸ್ವಂತ ಬಾಳನ್ನು ಲೋಕದ ಮುಂದಿಡಲು ಮಾತ್ರ ಒಪ್ಪದೆ, ತಾವು ಬರೆದ ಕಾಗದಗಳನ್ನು ಹಿಂದಕ್ಕೆ ತರಿಸಿ ನಾಶಮಾಡಿದರು. 1901ನೆಯ ಜುಲೈ 7ರಂದು ಜೂರಿಕ್ ನಗರದಲ್ಲಿ ನಿದ್ರೆಹೋದರು.

ನಮ್ಮ ವಸತಿಗೃಹಕ್ಕೆ ಹೊಸದಾಗಿ ಬರುವ ಬಾಲಿಕೆಯರು ಮೊದಲ ವಾರ ರಾತ್ರಿಯಲ್ಲಿ ಅಳುವುದುಂಟು. ತಂದೆತಾಯಿಗಳೇ, ಅದಕ್ಕೆ ಅಂಜಿ ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಬೇಡಿರಿ. ಆದರೆ ಆ ಅಳುವನ್ನು ತುಚ್ಛವೆಂದೂ ಎಣಿಸಬೇಡಿರಿ. ರಜೆಯಲ್ಲಿ ಮನೆಗೆ ಬಂದ ಮಗಳನ್ನು ಓದಲರಿಯದ ಅಜ್ಜಿಯ ಬಳಿಯಲ್ಲಿ ಕೂರಿಸಿ, ಒಂದು ಪುಟವನ್ನು ಗಟ್ಟಿಯಾಗಿ ಓದಿಸಿರಿ.