ರೇಖೆ ಬಿಟ್ಟ ಚಿತ್ರಕಾರ ಹಿಷಿದಾ ಶುನ್ಸೊ

ಚಿತ್ರಕಾರನಿಗೆ ಕಣ್ಣೇ ಬಂಡವಾಳ. ಆ ಕಣ್ಣು ಕೈಕೊಡತೊಡಗಿದ ಮೇಲೆ ತಮ್ಮ ಅತ್ಯುತ್ತಮ ಕೃತಿಗಳನ್ನು ರಚಿಸಿದವರು ಜಪಾನಿನ ಹಿಷಿದಾ ಶುನ್ಸೊ. ಅವರು ಬದುಕಿದ್ದು ಮೂವತ್ತಾರೇ ವರ್ಷ.

ಗುಡ್ಡಗಾಡು ಸೀಮೆಯಾದ ನಾಗಾನೊದ ಈದಾ ಎಂಬ ಊರಿನಲ್ಲಿ 1874ರಲ್ಲಿ ಜನಿಸಿದ ಶುನ್ಸೊ, 1890ರಲ್ಲಿ ಟೋಕಿಯೊ ಲಲಿತಕಲಾ ಶಾಲೆಗೆ ಸೇರಿದರು. ಪಾಶ್ಚಾತ್ಯ ತೈಲಚಿತ್ರಗಳ ಮೋಹ ಹಬ್ಬುತ್ತಿದ್ದ ಕಾಲವದು. ಶಾಲೆಯ ಮುಖ್ಯಸ್ಥ ಒಕಾಕುರಾ ತೆನ್‌ಶಿನ್ ಅವರದು ಬೇರೆ ಹಾದಿ. ಸಾಧನಗಳು ನಾಡಿನವೇ ಇರಲಿ, ದೃಷ್ಟಿ ಹೊಸದಾಗಲಿ ಎಂಬುದು ಅವರ ಹಂಬಲ.

ಆ ಸಾಧನಗಳ ಬಗ್ಗೆ ಒಂದು ಮಾತು ಹೇಳಲೇಬೇಕು. 'ನಿಹೊಂಗಾ' ಎಂಬ ಈ ಪದ್ಧತಿಯಲ್ಲಿ ಎಣ್ಣೆಗೆ ಸ್ಥಾನವಿಲ್ಲ. ನೀಲಿ, ಹಸಿರು ಬಣ್ಣಗಳೆಂದರೆ ತಾಮ್ರದಂಶವಿರುವ ಕಲ್ಲುಗಳ ಪುಡಿ. ಒಂದೇ ಕಲ್ಲನ್ನು ತರಿತರಿಯಾಗಿ ಅರೆದರೆ ಬಣ್ಣ ಗಾಢ, ನುಣ್ಣಗೆ ಅರೆದರೆ ತಿಳಿ. ಬಿಳಿ ಬಣ್ಣ ಸಮುದ್ರದ ಚಿಪ್ಪಿನದು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದುಂಟು. ಅಲ್ಲಿ ಅದನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಒಡ್ಡಿ, ಸುಡದೆಯೇ ಅರೆಯುತ್ತಾರೆ. ಕಪ್ಪು ಬರುವುದು ದೀಪದ ಮಸಿಯಿಂದ. ಬಣ್ಣದ ಪುಡಿಗಳನ್ನು ಪ್ರಾಣಿಗಳ ಚರ್ಮ ಕಾಯಿಸಿ ತೆಗೆದ ಅಂಟಿನಲ್ಲಿ ಕಲಸಿ, ರೇಷ್ಮೆಯ ಮೇಲೋ ಕಾಗದದ ಮೇಲೋ ಬಳಿಯುವುದು.

1898ರಲ್ಲಿ ಒಕಾಕುರಾ ಹುದ್ದೆ ಕಳೆದುಕೊಂಡಾಗ ಶುನ್ಸೊ ಮತ್ತು ಗೆಳೆಯ ಯೊಕೊಯಾಮಾ ತೈಕಾನ್ ತಮ್ಮ ಅಧ್ಯಾಪಕ ವೃತ್ತಿಗೂ ರಾಜೀನಾಮೆಯಿತ್ತು ಗುರುವಿನ ಹೊಸ ಕಲಾಸಂಸ್ಥೆ ಸೇರಿದರು. ಅಲ್ಲಿ ನಡೆಸಿದ ಸಾಹಸ ಸಣ್ಣದಲ್ಲ. ಜಪಾನೀ ಚಿತ್ರದ ಜೀವಾಳವೇ ರೇಖೆ. ಇಬ್ಬರೂ ಅದನ್ನೇ ಕೈಬಿಟ್ಟು, ಬರಿಯ ಬಣ್ಣದ ತೇವದಿಂದ ಗಾಳಿ, ಬೆಳಕು, ಮಂಜನ್ನು ಮೂಡಿಸಹೊರಟರು. ವಿಮರ್ಶಕರು 'ಮಸುಕು ಶೈಲಿ' ಎಂದು ಗೇಲಿ ಮಾಡಿದರು. ಚಿತ್ರಗಳನ್ನು ಕೊಳ್ಳುವವರಿಲ್ಲದಾಯಿತು.

1903ರಲ್ಲಿ ಈ ಗೆಳೆಯರಿಬ್ಬರೂ ಕಲ್ಕತ್ತೆಗೆ ಬಂದು ಠಾಕೂರ್ ಮನೆತನದವರ ಒಡನಾಟದಲ್ಲಿದ್ದರು. ತೈಕಾನರ ಕೆಲಸ ನೋಡಿದ ಅವನೀಂದ್ರನಾಥರು ಕಂಡುಕೊಂಡ ತೇವವರ್ಣದ ವಿಧಾನವೇ ಮುಂದೆ ಬಂಗಾಳ ಶೈಲಿಯ ಗುರುತಾಯಿತು. ಮರುವರ್ಷ ಅಮೆರಿಕಾ ಪ್ರವಾಸ. ಅಲ್ಲಿ ಚಿತ್ರಗಳು ಮಾರಾಟವಾದವು. ಊರಿಗೆ ಮರಳಿದರೆ ಮತ್ತೆ ಅದೇ ಬಡತನ. 1906ರಲ್ಲಿ ಇಜುರಾ ಎಂಬ ಕಡಲ ಹಳ್ಳಿಗೆ ಸಂಸಾರ ಹೂಡಿದರು. ಅಲ್ಲಿಯೇ ಮೂತ್ರಪಿಂಡದ ರೋಗ ಕಣ್ಣಿಗೂ ತಟ್ಟಿತು.

1908ರಲ್ಲಿ ಚಿಕಿತ್ಸೆಗೆಂದು ಟೋಕಿಯೊದ ಯೊಯೊಗಿಗೆ ಬಂದ ಶುನ್ಸೊ, ತುಸು ಚೇತರಿಸಿಕೊಂಡು ಅಲ್ಲಿನ ಕಾಡಿನಲ್ಲಿ ಅಡ್ಡಾಡುತ್ತಿದ್ದರು. 1909ರ 'ಉದುರಿದ ಎಲೆಗಳು' ಮೂಡಿದ್ದು ಹೀಗೆ. ಆರಾರು ಮಡಿಕೆಗಳ ಜೋಡಿ ತೆರೆಯ ಮೇಲೆ ಮರದ ಕಾಂಡಗಳು, ಒಣಗಿದ ಎಲೆಗಳು. ನೆಲವನ್ನು ಬರೆದೇ ಇಲ್ಲ. ಆದರೂ ನೋಡುವವರ ಕಾಲಿಗೆ ನೆಲ ತಾಗಿದಂತಾಗುತ್ತದೆ. ಮಸುಕು ಶೈಲಿಯಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ. ಸರಕಾರಿ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನವೂ ಬಂತು.

1910ರಲ್ಲಿ, ಹಿಡಿದಿದ್ದ ಬೇರೊಂದು ಚಿತ್ರವನ್ನು ಕೈಬಿಟ್ಟು, ಐದಾರೇ ದಿನಗಳಲ್ಲಿ 'ಕರಿಯ ಬೆಕ್ಕು' ಮುಗಿಸಿದರು. ಅದರ ರೋಮಕ್ಕೂ ಅಂಚಿನ ಗೆರೆಯಿಲ್ಲ. ಜಪಾನಿನಲ್ಲಿ ಈ ಬೆಕ್ಕನ್ನು ಅರಿಯದವರು ಕಡಿಮೆ.

ಮುಂದಿನ ವರ್ಷ ದೃಷ್ಟಿ ಹೋಯಿತು. 1911ರ ಸೆಪ್ಟೆಂಬರ್ 16ರಂದು, ಮೂವತ್ತೇಳು ತುಂಬಲು ಐದು ದಿನವಿರುವಾಗ, ಶುನ್ಸೊ ತೀರಿಕೊಂಡರು. 1958ರವರೆಗೆ ಬಾಳಿ ದೇಶದ ಅಗ್ರಗಣ್ಯ ಕಲಾವಿದರೆನಿಸಿದ ತೈಕಾನ್, ತಮ್ಮನ್ನು ಯಾರಾದರೂ ಹೊಗಳಿದರೆ ಶುನ್ಸೊ ತಮಗಿಂತ ಮೇಲಾಗಿದ್ದನೆಂದೇ ಹೇಳುತ್ತಿದ್ದರು.