ಸಾವಿತ್ರಿಬಾಯಿಯೂ ಟೀಚರ್ ಟ್ರೈನಿಂಗ್ ಮಾಡಿದ್ದರು

ಬಿ.ಎಡ್., ಡಿ.ಎಡ್. ಓದುತ್ತಿರುವ ಗೆಳೆಯ ಗೆಳತಿಯರ ಬೋಧನಾಭ್ಯಾಸ ಮುಗಿಯುವ ಹೊತ್ತಿದು. ಪಾಠ ಯೋಜನೆಗೆ ಸಹಿ ಬಿದ್ದಿದೆ, ಚಾರ್ಟುಗಳು ಮೂಲೆ ಸೇರಿವೆ. ನಾನು ಮಾತಾಡಿಸಿದ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ದಣಿದಿದ್ದಾರೆ. 40 ನಿಮಿಷದ ಪಾಠ 15ಕ್ಕೇ ಮುಗಿದುಹೋಯ್ತು, ಹಿಂದಿನ ಬೆಂಚಿನವರು ಕೇಳಲೇ ಇಲ್ಲ, ಮುಂದೆ ಕೆಲಸ ಸಿಗುತ್ತೋ ಇಲ್ಲಾ ಅತಿಥಿ ಶಿಕ್ಷಕರಾಗಿಯೇ ವರ್ಷಗಳು ಕಳೆಯುತ್ತೋ ಅನ್ನೋದೇ ಮಾತು. ಅವರಿಗೆ ನಾನು ಸಾವಿತ್ರಿಬಾಯಿ ಫುಲೆಯವರ ಬದುಕನ್ನು ಹೇಳಬೇಕು. ಹಾರ ಹಾಕಿದ ಫೋಟೋದಲ್ಲಿರುವ ಸಾವಿತ್ರಿಬಾಯಿ ಅಲ್ಲ, ದಿನಾ ತರಗತಿಗೆ ಹೋಗಿ ಪಾಠ ಮಾಡಿದ ಟೀಚರ್ ಸಾವಿತ್ರಿಬಾಯಿ.

ಅವರು ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರ ಜಿಲ್ಲೆಯ ನಾಯಗಾಂವ್‌ನಲ್ಲಿ, ಮಾಲಿ ಸಮುದಾಯದ ಮನೆಯಲ್ಲಿ. 1840ರಲ್ಲಿ ಮದುವೆಯಾದಾಗ ಅವರಿಗೆ 9 ವರ್ಷ, ಜೋತಿರಾವ್‌ಗೆ 13. ಅಕ್ಷರ ಕಲಿಸಿದ್ದು ಗಂಡ. ಅಕ್ಷರ ಕಲಿತರು, ಶಾಲೆ ತೆರೆದರು ಅಂತ ಎರಡೇ ಸಾಲಲ್ಲಿ ಕಥೆ ಮುಗಿಸ್ತೀವಲ್ಲ, ಅಲ್ಲಿ ತರಬೇತಿಯ ಭಾಗವೇ ಬಿಟ್ಟುಹೋಗುತ್ತೆ. ಅಹಮದ್‌ನಗರದಲ್ಲಿ ಅಮೆರಿಕನ್ ಮಿಷನರಿ ಸಿಂಥಿಯಾ ಫರಾರ್ ನಡೆಸುತ್ತಿದ್ದ ಸಂಸ್ಥೆಯಲ್ಲಿ, ಪುಣೆಯ ನಾರ್ಮಲ್ ಸ್ಕೂಲಿನಲ್ಲಿ ಅವರು ಶಿಕ್ಷಕಿಯ ತರಬೇತಿ ಪಡೆದರು. ನಾರ್ಮಲ್ ಸ್ಕೂಲ್ ಅಂದರೆ ಆ ಕಾಲದ ಟ್ರೈನಿಂಗ್ ಕಾಲೇಜು. ಓದೋಕೆ ಬರೋದು ಬೇರೆ, ಓದಿಸೋಕೆ ಬರೋದು ಬೇರೆ ಅಂತ ಅವರಿಗೆ ಗೊತ್ತಿತ್ತು.

1848ರಲ್ಲಿ ಪುಣೆಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಟೀಚರಮ್ಮನಿಗೆ 17 ವರ್ಷ. ನಿಮಗಿಂತ ಚಿಕ್ಕವರು. ದಾರಿಯಲ್ಲಿ ಜನ ಸಗಣಿ, ಕೆಸರು ಎಸೆಯುತ್ತಿದ್ದರು. ಅದಕ್ಕೇ ಇನ್ನೊಂದು ಸೀರೆ ಒಯ್ಯುತ್ತಿದ್ದರು, ಶಾಲೆಯಲ್ಲಿ ಉಟ್ಟುಕೊಂಡು ಪಾಠ ಶುರು ಮಾಡ್ತಿದ್ದರು. ಇದನ್ನು ತ್ಯಾಗದ ಕಥೆಯಾಗಿ ಹೇಳೋದು ರೂಢಿ. ನನಗೆ ಇದು ತಯಾರಿಯಾಗಿ ಕಾಣುತ್ತೆ. ನಾಳೆಯೂ ಎಸೀತಾರೆ, ನಾಳೆಯೂ ಪಾಠ ಇದೆ ಅಂತ ಲೆಕ್ಕ ಹಾಕಿದವರ ತಯಾರಿ.

1849ರಲ್ಲಿ ಗಂಡ ಹೆಂಡತಿ ಇಬ್ಬರೂ ಮನೆ ಬಿಡಬೇಕಾಯ್ತು. ಜಾಗ ಕೊಟ್ಟಿದ್ದು ಉಸ್ಮಾನ್ ಶೇಖ್. ಜೊತೆಗೆ ಪಾಠ ಮಾಡಿದ್ದು ಫಾತಿಮಾ ಶೇಖ್. ಫಾತಿಮಾ ಇದ್ದರೇ ಇಲ್ಲವೇ ಅಂತ ಈಚೆಗೆ ಸೋಷಿಯಲ್ ಮೀಡಿಯಾದಲ್ಲಿ ಜಗಳ ನಡೆಯಿತಲ್ಲ, 1856ರಲ್ಲಿ ತವರಿನಿಂದ ಸಾವಿತ್ರಿಬಾಯಿ ಜೋತಿರಾವ್‌ಗೆ ಬರೆದ ಕಾಗದದಲ್ಲೇ ಆಕೆಯ ಹೆಸರಿದೆ. ಕಾಯಿಲೆ ಬಿದ್ದು ತಾನಿಲ್ಲದ ಹೊತ್ತಲ್ಲಿ ಕೆಲಸದ ಭಾರವೆಲ್ಲ ಫಾತಿಮಾ ಮೇಲೆ ಬಿದ್ದಿರುತ್ತೆ ಅನ್ನೋ ಚಿಂತೆ ಅದರಲ್ಲಿದೆ. ಸಹೋದ್ಯೋಗಿಯ ಬಗ್ಗೆ ಹೀಗೆ ಯೋಚಿಸುವವರು ಇರುವ ಶಾಲೆ ಉಳಿಯುತ್ತೆ.

ಮಕ್ಕಳು ಶಾಲೆ ಬಿಡದ ಹಾಗೆ ಫುಲೆ ದಂಪತಿ ವಿದ್ಯಾರ್ಥಿವೇತನ ಕೊಟ್ಟರು. 1852ರಲ್ಲಿ ಸರ್ಕಾರ ಇವರ ಕೆಲಸಕ್ಕೆ ಸನ್ಮಾನ ಮಾಡಿತು. 1854ರಲ್ಲಿ ಸಾವಿತ್ರಿಬಾಯಿಯವರ ಕವನ ಸಂಕಲನ ಬಂತು. ಇವೆಲ್ಲಕ್ಕಿಂತ ದೊಡ್ಡ ಫಲಿತಾಂಶ ಅಂದರೆ ನನ್ನ ಪಾಲಿಗೆ ಮುಕ್ತಾ ಸಾಳ್ವೆ. ಮಾಂಗ್ ಸಮುದಾಯದ ಈ ವಿದ್ಯಾರ್ಥಿನಿ 1855ರಲ್ಲಿ ಮಾಂಗ್ ಮತ್ತು ಮಹಾರ್ ಜನರ ನೋವಿನ ಬಗ್ಗೆ ಬರೆದ ಪ್ರಬಂಧ ಜ್ಞಾನೋದಯ ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲೆ ಶುರುವಾಗಿ ಆಗ ಬರೀ 7 ವರ್ಷ. ಓದೋ ಹಕ್ಕೇ ಇಲ್ಲ ಅಂದಿದ್ದ ಮನೆಯ ಹುಡುಗಿ ಧರ್ಮವನ್ನೇ ಪ್ರಶ್ನೆ ಮಾಡಿದಳು. ಯಾವ ಪಾಠ ಯೋಜನೆಯಲ್ಲೂ ಇದನ್ನು ಮೊದಲೇ ಬರೆಯೋಕಾಗಲ್ಲ.

ಆಮೇಲಿನ ಬದುಕೂ ಇದೇ ಪಾಠದ ಮುಂದುವರಿಕೆ. 1863ರಲ್ಲಿ ದಿಕ್ಕಿಲ್ಲದ ವಿಧವೆಯರಿಗೆ, ಅವರ ಕೂಸುಗಳಿಗೆ ಆಸರೆಯ ಮನೆ. 1873ರಲ್ಲಿ ಸತ್ಯಶೋಧಕ ಸಮಾಜ. 1890ರಲ್ಲಿ ಜೋತಿರಾವ್ ತೀರಿಕೊಂಡಾಗ ಗಂಡಸರು ಹಿಡಿಯೋ ಮಡಿಕೆ ತಾನೇ ಹಿಡಿದು ಮುಂದೆ ನಡೆದರು. 1897ರಲ್ಲಿ ಪುಣೆಗೆ ಪ್ಲೇಗ್ ಬಂತು. ಮುಂಢ್ವಾದ ದಲಿತ ಕೇರಿಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ಚಿಕಿತ್ಸಾಲಯಕ್ಕೆ ತಂದರು. ಸೋಂಕು ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಆಗ ಅವರಿಗೆ 66.

ಈ ಕಥೆ ಹೇಳಿ ನಿಮ್ಮನ್ನು ಪುಕ್ಕಟೆ ದುಡಿಯಿರಿ ಅನ್ನೋಕೆ ಬಂದಿಲ್ಲ ನಾನು. ಶಿಕ್ಷಕ ವೃತ್ತಿ ಪವಿತ್ರ ಅಂತ ಭಾಷಣ ಮಾಡಿ, ಅತಿಥಿ ಶಿಕ್ಷಕರಿಗೆ ತಿಂಗಳಾದರೂ ಗೌರವಧನ ಕೊಡದಿರುವುದಕ್ಕೆ ಸಾವಿತ್ರಿಬಾಯಿ ಹೆಸರು ಬಳಸಬಾರದು. ಖಾಯಂ ಹುದ್ದೆ ಕೇಳಿ, ಸಂಬಳ ಕೇಳಿ, ಸಂಘ ಕಟ್ಟಿ. ಅವರೂ ಸಂಘ ಕಟ್ಟಿದವರೇ.

ಆದರೆ ಪಾಠ ಒಂದು ದಿನ ಕೆಟ್ಟಿತು ಅಂತ ಮಾತ್ರ ಬಿಟ್ಟುಹೋಗಬೇಡಿ. ನಿಮ್ಮ ಹಿಂದಿನ ಬೆಂಚಿನಲ್ಲೂ ಒಬ್ಬ ಮುಕ್ತಾ ಕೂತಿರಬಹುದು. ಆಕೆ ಬರೆಯೋಕೆ ಇನ್ನೂ 7 ವರ್ಷ ಬೇಕಾಗಬಹುದು. ಅಲ್ಲೀವರೆಗೆ ತರಗತಿಯಲ್ಲಿ ಒಬ್ಬ ಟೀಚರ್ ಇರಬೇಕು, ಅಷ್ಟೇ.