ಮಹಾವೀರಾಚಾರ್ಯರೂ ಅಂಕಿಗಳ ಹಾರವೂ

ಗಾಂಧಿ ಬಜಾರಿನಲ್ಲಿ ಹೂವಾಡಿಗರು ಹಾರ ಕಟ್ಟುವುದನ್ನು ನಮ್ಮ ವಾಚಕರೆಲ್ಲರೂ ನೋಡಿರುವರು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಹೂವುಗಳ ಸರದಿಯು ಒಂದೇ. ಇಂತಹ ಹಾರವನ್ನು ಅಂಕಿಗಳಿಂದಲೇ ಕಟ್ಟಿದ ಮಹನೀಯರೊಬ್ಬರು ಸಾವಿರದ ನೂರು ವರುಷಗಳಿಗೂ ಹಿಂದೆ ಕನ್ನಡನಾಡಿನಲ್ಲಿ ಬಾಳಿದರು. ಅವರೇ ಮಹಾವೀರಾಚಾರ್ಯರು.

ಆಗ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಜ್ಯವಾಳುತ್ತಿದ್ದನು. ಕನ್ನಡದ ಕವಿರಾಜಮಾರ್ಗವು ಹುಟ್ಟಿದುದೂ ಅದೇ ಆಸ್ಥಾನದಲ್ಲಿ. ಜೈನ ವಿದ್ವಾಂಸರಾದ ಆಚಾರ್ಯರು ಸುಮಾರು 850ರಲ್ಲಿ ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಅವರ ತಾಯಿತಂದೆಗಳಾರು, ಬಾಲ್ಯವು ಎಲ್ಲಿ ಕಳೆಯಿತು ಎಂಬುದನ್ನು ಚರಿತ್ರೆಯು ಉಳಿಸಲಿಲ್ಲ; ಗ್ರಂಥವೇ ಅವರ ಜೀವನ. ಅದಕ್ಕೆ ಮೊದಲು ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳಲ್ಲಿ ಒಂದೆರಡು ಅಧ್ಯಾಯಗಳಾಗಿ ಅಡಗಿದ್ದಿತು. ಆಚಾರ್ಯರು ಅದಕ್ಕೆ ಸ್ವಂತ ಮನೆಯನ್ನು ಕಟ್ಟಿಕೊಟ್ಟರು. ಅಡಿಗೆ, ವೈದ್ಯ, ಸಂಗೀತ, ಶಿಲ್ಪ, ಛಂದಸ್ಸು ಮುಂತಾದ ಸಕಲ ವಿದ್ಯೆಗಳಿಗೂ ಗಣಿತವು ಬೇಕೆಂದು ಪೀಠಿಕೆಯಲ್ಲಿಯೇ ಸಾರಿದರು.

ಶಿಷ್ಯರಿಗೆ ಬೇಸರವಾಗದಂತೆ ಕಲಿಸುವುದು ಅವರ ಜಾಣ್ಮೆಯಾಗಿದ್ದಿತು. ಗುಣಾಕಾರವನ್ನು ಹೇಳಿಕೊಡುವಾಗ 27994681 ಎಂಬ ಸಂಖ್ಯೆಯನ್ನು 441ರಿಂದ ಗುಣಿಸಲು ಹೇಳಿದರು. ನೋಡುವುದಕ್ಕೆ ಒರಟಾದ ಲೆಕ್ಕ. ಆದರೆ ಶ್ರಮಪಟ್ಟು ಮುಗಿಸಿದವನಿಗೆ ದೊರೆಯುವ ಫಲವು 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಹಾರ!

ಇದರ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನೂ 5291ನ್ನೂ ಗುಣಿಸಿದರೆ 111111. ಆದುದರಿಂದ ನಮ್ಮ ಹಾರವು 111111ರ ವರ್ಗವೇ ಆಗಿದೆ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುವುವು. ಬಲದ ಕೊನೆಯ ಕಂಬದಲ್ಲಿ ಒಂದು ಒಂದು, ಅದರ ಪಕ್ಕದಲ್ಲಿ ಎರಡು, ಹೀಗೆ ನಡುವಿನ ಕಂಬದಲ್ಲಿ ಆರು ಒಂದುಗಳಾಗಿ, ಮತ್ತೆ ಇಳಿಯುವುವು. ಎಲ್ಲಿಯೂ ಮೊತ್ತವು ಹತ್ತನ್ನು ಮುಟ್ಟದುದರಿಂದ ದಶಕವು ಮುಂದಕ್ಕೆ ಹೋಗದೆ ಹಾರವು ಕೆಡದು. ಒಂಬತ್ತು ಒಂದುಗಳವರೆಗೆ ಈ ಸೊಗಸು ಉಳಿಯುವುದು; ಹತ್ತನೆಯದನ್ನು ಸೇರಿಸಿದೊಡನೆ ದಾರವು ಕಡಿಯುವುದು. ಹಾರದ ಅಂಕಿಗಳನ್ನು ಕೂಡಿದರೆ 36, ಅದು ಆರರ ವರ್ಗ!

ಇಷ್ಟು ಬಲ್ಲ ಆಚಾರ್ಯರೂ ಒಂದೆಡೆ ಎಡವಿದರು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಬರೆದರು. ಅದು ಸರಿಯಲ್ಲ, ಅಂತಹ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂದು ಇಂದಿನ ಗಣಿತವು ಹೇಳುತ್ತದೆ. ಆದರೆ ಋಣಸಂಖ್ಯೆಗೆ ಸಹಜವಾಗಿ ವರ್ಗಮೂಲವಿಲ್ಲವೆಂಬುದನ್ನು ಅದೇ ಗ್ರಂಥದಲ್ಲಿ ಸ್ಪಷ್ಟವಾಗಿ ಕಂಡಿದ್ದರು. ಒಂದು ಲೆಕ್ಕ ತಪ್ಪಿತೆಂದು ಕಣ್ಣೀರಿಡುವ ಹುಡುಗಿಯರು ಇದನ್ನು ನೆನೆಯಬೇಕು. ತಪ್ಪಿದವರು ದಡ್ಡರಲ್ಲ, ತಪ್ಪಿಗೆ ಹೆದರಿ ಸ್ಲೇಟನ್ನು ಮುಚ್ಚಿಡುವುದೇ ನಷ್ಟ.

ಗ್ರಂಥವು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನ ಕೈಯಲ್ಲಿ ತೆಲುಗಿಗೆ ಬಂದಿತು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದ ಮೇಲೆ ಲೋಕವು ಆಚಾರ್ಯರನ್ನು ಅರಿಯಿತು. ಮಾನ್ಯಖೇಟದ ಅರಮನೆ ಅಳಿದು ಹೋಯಿತು. ಅಂಕಿಗಳ ಹಾರವು ಬಾಡಲಿಲ್ಲ.

ತಾಯಂದಿರೇ, ಇಂದು ಸಂಜೆ ಮಗಳನ್ನು ಹತ್ತಿರ ಕೂರಿಸಿಕೊಂಡು ಆ ಆರು ಒಂದುಗಳನ್ನು ಗುಣಿಸಲು ಹೇಳಿರಿ. ಉತ್ತರವನ್ನು ಮಾತ್ರ ಮೊದಲೇ ಹೇಳಬೇಡಿರಿ. ಹಾರವನ್ನು ಅವಳೇ ಕಟ್ಟಲಿ.